ಪುಸ್ತಕದ ಹೊರೆಯೂ ಪರೀಕ್ಷೆಯ ಅಳತೆಯೂ

ಈ ವರ್ಷದ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ತರುಣನೊಬ್ಬನು ನಮ್ಮಲ್ಲಿಗೆ ಬಂದನು. ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿ. ಹೆಗಲ ಚೀಲದಲ್ಲಿ ಆರು ದಪ್ಪ ಪುಸ್ತಕಗಳಿದ್ದವು. ಮೂರು ಕೋಚಿಂಗ್ ಕೇಂದ್ರಗಳ ಬಣ್ಣದ ವಿವರಪತ್ರಗಳಿದ್ದವು. ಅಡಿಕೆ ಮಾರಿ ಬಂದ ಹಣದಲ್ಲಿ ತಂದೆಯವರು ಒಂದಿಷ್ಟನ್ನು ಮಗನ ಓದಿಗೆಂದು ಎತ್ತಿಟ್ಟಿದ್ದರು. ತಂಗಿಯ ಕಾಲೇಜಿನ ಶುಲ್ಕವನ್ನೂ ಅದೇ ಗಂಟಿನಿಂದ ತೆಗೆಯಬೇಕಾಗಿತ್ತು. "ಈ ಮೂರರಲ್ಲಿ ಯಾವುದಕ್ಕೆ ಸೇರಲಿ ಸಾರ್? ಇವುಗಳಲ್ಲಿ ಯಾವ ಪುಸ್ತಕವನ್ನು ಮೊದಲು ಓದಲಿ?" ಎಂದು ಅವನು ಕೇಳಿದನು. "ನೀನು ಬರೆಯಬೇಕೆಂದಿರುವ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ನೋಡಿದ್ದೀಯಾ?" ಎಂದು ನಾವು ಕೇಳಿದೆವು. ಅವನು ನೋಡಿರಲಿಲ್ಲ.

ಇದು ಅವನೊಬ್ಬನ ತಪ್ಪಲ್ಲ. ಪುಸ್ತಕದಂಗಡಿಯಲ್ಲಿ ಪುಸ್ತಕಗಳು ಕಣ್ಣಿಗೆ ಬೀಳುತ್ತವೆ, ಬಸ್ ನಿಲ್ದಾಣದ ಗೋಡೆಯಲ್ಲಿ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಪ್ರಶ್ನೆಪತ್ರಿಕೆಯನ್ನು ಮಾತ್ರ ನಾವಾಗಿಯೇ ಹುಡುಕಿಕೊಂಡು ಹೋಗಬೇಕು. ಆದರೆ ಅಳತೆ ತೆಗೆದುಕೊಳ್ಳದೆ ಅಂಗಿ ಹೊಲಿಸುವವರುಂಟೆ?

ತರುಣನ ಗುರಿಯಾಗಿದ್ದುದು ಕ್ಯಾಟ್ ಎಂಬ ಪರೀಕ್ಷೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಗಳು ತಮ್ಮಲ್ಲಿಗೆ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳಲು ಇದನ್ನು ನಡೆಸುತ್ತವೆ. ಇವುಗಳಲ್ಲಿ ಮೊದಲಿನವು 1961ರಲ್ಲಿ ಕಲ್ಕತ್ತೆಯಲ್ಲಿಯೂ ಅಹಮದಾಬಾದಿನಲ್ಲಿಯೂ ಹುಟ್ಟಿದವು. ನಮ್ಮ ಬೆಂಗಳೂರಿನ ಸಂಸ್ಥೆ 1973ರಲ್ಲಿ ಆರಂಭವಾಯಿತು. 2008ರವರೆಗೆ ಕಾಗದದ ಮೇಲೆ ನಡೆಯುತ್ತಿದ್ದ ಪರೀಕ್ಷೆ 2009ರಿಂದ ಕಂಪ್ಯೂಟರಿನ ಮುಂದೆ ನಡೆಯುತ್ತಿದೆ. 2024ರ ಪರೀಕ್ಷೆಯಲ್ಲಿ ಒಟ್ಟು 68 ಪ್ರಶ್ನೆಗಳಿದ್ದವು: ಇಂಗ್ಲಿಷ್ ಭಾಷೆ ಮತ್ತು ಗದ್ಯಗ್ರಹಣಕ್ಕೆ 24, ಅಂಕಿಅಂಶಗಳ ವಿಶ್ಲೇಷಣೆ ಮತ್ತು ತರ್ಕಕ್ಕೆ 22, ಗಣಿತಕ್ಕೆ 22. ಪ್ರತಿಯೊಂದು ಭಾಗಕ್ಕೂ 40 ನಿಮಿಷ. ಒಂದು ಭಾಗದಲ್ಲಿ ಉಳಿಸಿದ ಕಾಲವನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. ಸರಿಯುತ್ತರಕ್ಕೆ 3 ಅಂಕ. ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಳೆಯುತ್ತಾರೆ. ಆಯ್ಕೆಗಳಿಲ್ಲದೆ ಉತ್ತರವನ್ನು ನಾವೇ ಬೆರಳಚ್ಚಿಸಬೇಕಾದ ಪ್ರಶ್ನೆಗಳೂ ಕೆಲವಿದ್ದು, ಅಲ್ಲಿ ತಪ್ಪಿಗೆ ದಂಡವಿಲ್ಲ.

ಇಷ್ಟನ್ನು ತಿಳಿದ ಮಾತ್ರದಿಂದಲೇ ತರುಣನ ಚೀಲ ಹಗುರಾಗತೊಡಗಿತು. ಆರು ಪುಸ್ತಕಗಳಲ್ಲಿ ಒಂದು ಸಾಮಾನ್ಯ ಜ್ಞಾನದ್ದು. ಕ್ಯಾಟ್ ಪರೀಕ್ಷೆಯಲ್ಲಿ ಸಾಮಾನ್ಯ ಜ್ಞಾನದ ಭಾಗವೇ ಇಲ್ಲ. ನಮ್ಮ ರಾಜ್ಯದಲ್ಲಿ ಎಂ.ಬಿ.ಎ. ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಪಿ.ಜಿ.ಸಿ.ಇ.ಟಿ.ಯಲ್ಲಿ ಅದು ಉಂಟು. ಅಲ್ಲಿಗೆ ಆ ಪುಸ್ತಕ ಸಲ್ಲುತ್ತದೆ, ಇಲ್ಲಿಗೆ ಸಲ್ಲದು. ಇನ್ನು ವಿದೇಶದ ಸಂಸ್ಥೆಗಳು ಕೇಳುವ ಜಿಮ್ಯಾಟ್ ಎಂಬ ಪರೀಕ್ಷೆಯ ಸ್ವಭಾವವೇ ಬೇರೆ. ಅಲ್ಲಿ ನಾವು ಹಿಂದೆ ಕೊಟ್ಟ ಉತ್ತರಗಳನ್ನು ನೋಡಿಕೊಂಡು ಕಂಪ್ಯೂಟರು ಮುಂದಿನ ಪ್ರಶ್ನೆಯ ಕಷ್ಟವನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ಅಚ್ಚಾದ ಪ್ರಶ್ನೆಪತ್ರಿಕೆ ಅದನ್ನು ಹೇಗೆ ಅನುಕರಿಸಬಲ್ಲದು? ಅದಕ್ಕೆ ಪರೀಕ್ಷೆಯ ಕರ್ತೃಗಳೇ ಕಂಪ್ಯೂಟರಿನಲ್ಲಿ ಒದಗಿಸುವ ಅಭ್ಯಾಸ ಪರೀಕ್ಷೆಗಳೇ ಸರಿ. ಮೂರು ಪರೀಕ್ಷೆಗಳಿಗೂ ಒಂದೇ ಪುಸ್ತಕ ಸಾಕೆಂದು ಮುಖಪುಟದಲ್ಲಿ ಬರೆದಿದ್ದರೆ ಸ್ವಲ್ಪ ಸಂಶಯದಿಂದಲೇ ಪುಟ ತಿರುವಬೇಕು.

ಈಗ ಜಾಹೀರಾತುಗಳಿಗೆ ಬರೋಣ. "ನಮ್ಮ 500 ವಿದ್ಯಾರ್ಥಿಗಳು 99 ಪರ್ಸೆಂಟೈಲ್ ದಾಟಿದ್ದಾರೆ" ಎಂಬಂಥ ಮಾತನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ಪರ್ಸೆಂಟೈಲ್ ಎಂದರೆ ಶೇಕಡಾ ಅಂಕವಲ್ಲ. ಪರೀಕ್ಷೆ ಬರೆದವರ ಸಾಲಿನಲ್ಲಿ ನಮ್ಮ ಸ್ಥಾನ. 99 ಪರ್ಸೆಂಟೈಲ್ ಬಂದವನು ನೂರರಲ್ಲಿ ಸುಮಾರು ತೊಂಬತ್ತೊಂಬತ್ತು ಮಂದಿಗಿಂತ ಮುಂದಿದ್ದಾನೆಂದು ಅರ್ಥ. 2024ರಲ್ಲಿ ಸುಮಾರು 2 ಲಕ್ಷ 93 ಸಾವಿರ ಮಂದಿ ಕ್ಯಾಟ್ ಬರೆದರು. ಅವರಲ್ಲಿ 99ರ ಗೆರೆಯನ್ನು ದಾಟುವವರು ಹೆಚ್ಚು ಕಡಿಮೆ 2,930 ಮಂದಿ. ಪ್ರಶ್ನೆಪತ್ರಿಕೆ ಸುಲಭವಿರಲಿ ಕಠಿಣವಿರಲಿ, ಈ ಸಂಖ್ಯೆ ಬದಲಾಗದು. ಅದು ವ್ಯಾಖ್ಯೆಯಿಂದಲೇ ಬರುವಂಥದು.

ಹಾಗಾದರೆ ಜಾಹೀರಾತಿನ 500 ಎಂಬುದರ ಬೆಲೆ ಎಷ್ಟು? ಅದು ಎಷ್ಟು ಮಂದಿಯಲ್ಲಿ 500 ಎಂಬುದರ ಮೇಲೆ ನಿಂತಿದೆ. ಆ ಕೇಂದ್ರದ ಅಣಕು ಪರೀಕ್ಷೆಗಳಿಗೆ ಹಣ ತೆತ್ತವರು 50,000 ಮಂದಿ ಎಂದಿಟ್ಟುಕೊಳ್ಳೋಣ. ಆಗ 500 ಎಂದರೆ ನೂರಕ್ಕೆ ಒಂದು. ಯಾವ ಕೇಂದ್ರಕ್ಕೂ ಸೇರದೆ ಇಡೀ ದೇಶವನ್ನು ಒಟ್ಟಾಗಿ ತೆಗೆದುಕೊಂಡರೂ ನೂರಕ್ಕೆ ಒಂದೇ ಬರುತ್ತದೆ! ಸೇರಿದವರು 5,000 ಮಂದಿಯಾಗಿದ್ದರೆ ನೂರಕ್ಕೆ ಹತ್ತು. ಅದು ಗಮನಿಸತಕ್ಕ ಮಾತು. ಆಗಲೂ ಜಾಣರೇ ಹೆಚ್ಚಾಗಿ ಅಲ್ಲಿಗೆ ಸೇರಿದರೇ, ಅಥವಾ ಸೇರಿದ ಮೇಲೆ ಜಾಣರಾದರೇ ಎಂಬ ಪ್ರಶ್ನೆ ಉಳಿಯುತ್ತದೆ. ಒಂದೇ ಮುಖ ಎರಡು ಮೂರು ಕೇಂದ್ರಗಳ ಫಲಕಗಳಲ್ಲಿ ಕಾಣಿಸುವುದೂ ಸುಳ್ಳಾಗಿರಬೇಕಾಗಿಲ್ಲ. ಒಬ್ಬನೇ ವಿದ್ಯಾರ್ಥಿ ಒಂದೆಡೆ ಪಾಠ ಕೇಳಿ, ಇನ್ನೊಂದೆಡೆ ಅಣಕು ಪರೀಕ್ಷೆ ಬರೆದು, ಮತ್ತೊಂದೆಡೆ ಸಂದರ್ಶನದ ತಾಲೀಮು ಮಾಡಿರಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಆಯ್ಕೆಯಾದವರ ಹೆಸರು ಮತ್ತು ಚಿತ್ರವನ್ನು ಬಳಸುವ ಕೇಂದ್ರವು ಅವರು ಯಾವ ತರಗತಿಯನ್ನು ಎಷ್ಟು ಕಾಲ ತೆಗೆದುಕೊಂಡಿದ್ದರೆಂಬುದನ್ನೂ ಹೇಳಬೇಕು. ಸೇರುವ ಮುನ್ನ ಇದನ್ನು ಕೇಳಲು ಸಂಕೋಚ ಬೇಡ.

ಪುಸ್ತಕಗಳ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಇಲ್ಲಿ ನಮ್ಮನ್ನು ಮೋಸಗೊಳಿಸುವವರು ಇತರರಲ್ಲ, ನಾವೇ. ಬಿಡಿಸಿದ ಲೆಕ್ಕಗಳು ತುಂಬಿರುವ ಪುಸ್ತಕವನ್ನು ಓದುತ್ತಾ ಹೋದಂತೆ ಎಲ್ಲವೂ ತಿಳಿದಂತೆ ತೋರುತ್ತದೆ. ಪುಸ್ತಕ ಮುಚ್ಚಿದ ಮೇಲೆ ಏನು ಉಳಿಯಿತು? ಈ ಪ್ರಶ್ನೆಯನ್ನು ಕೆಲವರು ಪ್ರಯೋಗದಿಂದಲೇ ಪರಿಶೀಲಿಸಿದ್ದಾರೆ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಸರಳವಾದುದು. ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದು ಗದ್ಯಭಾಗವನ್ನು ಒಂದು ಸಲ ಓದಿ, ಎರಡನೆಯ ಸಲ ಓದುವ ಬದಲು, ನೆನಪಿಗೆ ಬಂದುದನ್ನೆಲ್ಲ ಬರೆದರು. ಐದು ನಿಮಿಷದ ಅನಂತರ ಪರೀಕ್ಷಿಸಿದಾಗ ಎರಡು ಸಲ ಓದಿದುದೇ ಮೇಲೆನಿಸಿತು: ಅದರಲ್ಲಿ ಶೇಕಡಾ 81 ನೆನಪಿದ್ದರೆ, ನೆನೆದು ಬರೆದುದರಲ್ಲಿ ಶೇಕಡಾ 75. ಆದರೆ ಒಂದು ವಾರ ಕಳೆದ ಮೇಲೆ ತಕ್ಕಡಿ ತಿರುಗಿತು. ಎರಡು ಸಲ ಓದಿದುದರಲ್ಲಿ ಉಳಿದದ್ದು ಶೇಕಡಾ 42. ನೆನೆದು ಬರೆದುದರಲ್ಲಿ ಶೇಕಡಾ 56.

ಗಣಿತಕ್ಕೆ ಸಂಬಂಧಿಸಿದ ಇನ್ನೊಂದು ಪ್ರಯೋಗವು ನಮಗೆ ಇದಕ್ಕಿಂತಲೂ ಸ್ವಾರಸ್ಯವಾಗಿ ಕಂಡಿತು. ರೋರರ್ ಮತ್ತು ಟೇಲರ್ ಎಂಬವರು 2007ರಲ್ಲಿ ಪ್ರಕಟಿಸಿದುದು. ಅಪರೂಪದ ನಾಲ್ಕು ಘನಾಕೃತಿಗಳ ಗಾತ್ರವನ್ನು ಕಂಡುಹಿಡಿಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸಿದರು. ಒಂದು ಗುಂಪಿಗೆ ಒಂದೊಂದು ಆಕೃತಿಯ ಲೆಕ್ಕಗಳನ್ನು ಬೇರೆ ಬೇರೆಯಾಗಿ ಸಾಲಾಗಿ ಕೊಟ್ಟರು. ಇನ್ನೊಂದು ಗುಂಪಿಗೆ ಅವೇ ಲೆಕ್ಕಗಳನ್ನು ಕಲಸಿ ಕೊಟ್ಟರು. ಅಭ್ಯಾಸದ ವೇಳೆಯಲ್ಲಿ ಸಾಲಾಗಿ ಮಾಡಿದವರ ಲೆಕ್ಕಗಳಲ್ಲಿ ಶೇಕಡಾ 89 ಸರಿ; ಕಲಸಿದ ಲೆಕ್ಕ ಮಾಡಿದವರದು ಶೇಕಡಾ 60. ಮೊದಲನೆಯ ಗುಂಪೇ ಚೆನ್ನಾಗಿ ಕಲಿಯಿತೆಂದು ಯಾರಾದರೂ ಹೇಳುವರು. ಒಂದು ವಾರದ ಮೇಲೆ ಪರೀಕ್ಷೆ ನಡೆಯಿತು. ಸಾಲಾಗಿ ಮಾಡಿದವರು ಶೇಕಡಾ 20ಕ್ಕೆ ಇಳಿದರು. ಕಲಸಿ ಮಾಡಿದವರು ಶೇಕಡಾ 63ರಲ್ಲಿ ನಿಂತರು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. 'ಲಾಭ ಮತ್ತು ನಷ್ಟ' ಎಂಬ ಅಧ್ಯಾಯದ ಕೊನೆಯಲ್ಲಿರುವ ಲೆಕ್ಕವು ಲಾಭನಷ್ಟದ್ದೇ ಎಂದು ಬಿಡಿಸುವ ಮೊದಲೇ ಗೊತ್ತಿರುತ್ತದೆ. ಯಾವ ಸೂತ್ರವನ್ನು ಹಚ್ಚಬೇಕೆಂದು ಯೋಚಿಸುವ ಕೆಲಸವನ್ನು ಅಧ್ಯಾಯದ ಹೆಸರೇ ಮಾಡಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ಅಧ್ಯಾಯದ ಹೆಸರು ಇರುವುದಿಲ್ಲ. ಆದುದರಿಂದ ಅಧ್ಯಾಯಗಳಾಗಿ ವಿಂಗಡಿಸಿದ ಪುಸ್ತಕ ಒಂದಿದ್ದರೆ ಸಾಕು. ಅದು ಮುಗಿಯುತ್ತ ಬಂದಂತೆ ಅಂಥದೇ ಇನ್ನೊಂದನ್ನು ಕೊಳ್ಳುವುದರ ಬದಲು ಕಲಸಿದ ಪ್ರಶ್ನೆಗಳಿರುವ ಪೂರ್ಣ ಪ್ರಶ್ನೆಪತ್ರಿಕೆಗಳಿಗೆ ಹೋಗಬೇಕು. ಅಲ್ಲಿ ಅಂಕಗಳು ಕಡಿಮೆಯಾಗುತ್ತವೆ, ಮನಸ್ಸು ಕುಗ್ಗುತ್ತದೆ. ಸುಲಭವಾದ ಪುಸ್ತಕಕ್ಕೆ ಹಿಂದಿರುಗೋಣ ಎನಿಸುತ್ತದೆ. ಅನೇಕರು ಹಿಂದಿರುಗುತ್ತಾರೆ ಕೂಡ.

ಪೂರ್ಣ ಪ್ರಶ್ನೆಪತ್ರಿಕೆಯ ಅಭ್ಯಾಸದಿಂದ ಇನ್ನೊಂದು ಲಾಭವೂ ಉಂಟು. ನಾಲ್ಕು ಆಯ್ಕೆಗಳಿರುವ ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರಿಸಿದರೆ ಏನಾಗುತ್ತದೆ? ನಾಲ್ಕರಲ್ಲಿ ಒಂದು ಸಲ 3 ಅಂಕ ಬರುತ್ತದೆ, ಮೂರು ಸಲ ಒಂದೊಂದು ಅಂಕ ಹೋಗುತ್ತದೆ, ಒಟ್ಟು ಸೊನ್ನೆ. ಆದರೆ ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೆ ಉಳಿದ ಮೂರರಲ್ಲಿ ಊಹಿಸಿದಾಗ ಮೂರು ಪ್ರಶ್ನೆಗಳಿಗೆ 3 ಅಂಕ ಬಂದು 2 ಹೋಗಿ, ಸರಾಸರಿಯಲ್ಲಿ ಪ್ರಶ್ನೆಯೊಂದಕ್ಕೆ ಮೂರನೆಯ ಒಂದು ಅಂಕ ಉಳಿಯುತ್ತದೆ. ಈ ವಿವೇಕವು ಅಂಕ ಕಳೆಯದ ಅಭ್ಯಾಸ ಪುಸ್ತಕದಿಂದ ಬರಲಾರದು. ಅಣಕು ಪರೀಕ್ಷೆಗಳನ್ನು ಕೊಳ್ಳುವಾಗ ಪ್ರಶ್ನೆಗಳ ಸಂಖ್ಯೆ, ಭಾಗಗಳ ಕಾಲಮಿತಿ, ಕಳೆಯುವ ಅಂಕ ಇವು ನಿಜವಾದ ಪರೀಕ್ಷೆಯಂತೆಯೇ ಇವೆಯೇ ಎಂದು ನೋಡಬೇಕು.

ತರುಣನಿಗೆ ನಾವು ಕೊಟ್ಟ ಸಲಹೆ ಇಷ್ಟೇ: ಹಣ ಕಟ್ಟುವುದನ್ನು ಹದಿನೈದು ದಿನ ಮುಂದೂಡಿ, ಹಿಂದಿನ ವರ್ಷಗಳ ಪತ್ರಿಕೆಗಳಲ್ಲಿ ಮೂರನ್ನು ಗಡಿಯಾರ ಇಟ್ಟುಕೊಂಡು ಬಿಡಿಸು, ಪ್ರತಿ ತಪ್ಪಿನ ಮುಂದೆಯೂ ಕಾರಣವನ್ನು ಬರೆ. ವಿಷಯವೇ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಹೊತ್ತು ಸಾಲಲಿಲ್ಲವೇ, ಪ್ರಶ್ನೆಯನ್ನು ತಪ್ಪಾಗಿ ಓದಿದೆಯೇ ಎಂದು.

ಹದಿನೈದು ದಿನಗಳಾದ ಮೇಲೆ ನೋಟುಪುಸ್ತಕದೊಡನೆ ಬಂದನು. ಗಣಿತದಲ್ಲಿ ಅವನಿಗೆ ತಿಳಿಯದ ವಿಷಯಗಳು ನಾಲ್ಕೈದಕ್ಕಿಂತ ಹೆಚ್ಚಿರಲಿಲ್ಲ. ಆ ಭಾಗದ ಬಹುಪಾಲು ಅಂಕಗಣಿತ, ಬೀಜಗಣಿತ, ರೇಖಾಗಣಿತಗಳೇ. ಹೈಸ್ಕೂಲಿನಲ್ಲಿ ಗಟ್ಟಿಯಾಗಿ ಕಲಿತವನಿಗೆ ಬುನಾದಿ ಅಲ್ಲಿಯೇ ಬಿದ್ದಿರುತ್ತದೆ. (ಬೆಂಗಳೂರಿನ ಸಂಸ್ಥೆಯು ಸಂದರ್ಶನಕ್ಕೆ ಕರೆಯುವಾಗ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದನ್ನು ಕಿರಿಯ ವಾಚಕರು ಗಮನಿಸಬಹುದು.) ಅವನು ಸೋತದ್ದು ಇಂಗ್ಲಿಷ್ ಗದ್ಯಭಾಗಗಳಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಅವನಿಗೆ ಅರ್ಥವಾಗದೆ ಇರಲಿಲ್ಲ. ನಾಲ್ಕು ಗದ್ಯಭಾಗಗಳಲ್ಲಿ ಎರಡನ್ನು ಮುಗಿಸುವಷ್ಟರಲ್ಲಿ ನಲವತ್ತು ನಿಮಿಷ ತೀರಿಹೋಗುತ್ತಿತ್ತು. ಚೀಲದಲ್ಲಿದ್ದ ಆರು ಪುಸ್ತಕಗಳಲ್ಲಿ ನಾಲ್ಕು ಗಣಿತದವು! ಮೂರು ವಿವರಪತ್ರಗಳೂ ಗಣಿತದ 'ಶೀಘ್ರ ಸೂತ್ರ'ಗಳನ್ನೇ ದೊಡ್ಡ ಅಕ್ಷರದಲ್ಲಿ ಹೊಗಳಿಕೊಂಡಿದ್ದವು.

ಈ ಬಗೆಯ ಕೊರತೆಗೆ ಯಾವ ತರಗತಿಯೂ ತಿಂಗಳಲ್ಲಿ ಮದ್ದು ಕೊಡಲಾರದು. ದಿನವೂ ಒಂದು ಗಂಟೆ, ಇತಿಹಾಸ, ಅರ್ಥಶಾಸ್ತ್ರ, ಜೀವವಿಜ್ಞಾನ ಹೀಗೆ ತನಗೆ ರುಚಿಸದ ವಿಷಯಗಳ ಮೇಲೂ ಇಂಗ್ಲಿಷ್ ಲೇಖನಗಳನ್ನು ಓದಿ, ಮುಚ್ಚಿಟ್ಟು, ಸಾರಾಂಶವನ್ನು ನಾಲ್ಕು ಸಾಲಿನಲ್ಲಿ ಬರೆಯಬೇಕು. ಕನ್ನಡದಲ್ಲಿ ಬರೆದರೂ ಸರಿಯೆ; ಗ್ರಹಿಸಿದ್ದೇನೆಯೇ ಎಂಬುದು ತಾನೆ ತಿಳಿಯಬೇಕಾದದ್ದು. ಅದಕ್ಕೆ ಊರಿನ ಗ್ರಂಥಾಲಯದ ಪತ್ರಿಕೆಗಳು ಸಾಕು. ತರಗತಿಗೆ ಸೇರುವುದು ವ್ಯರ್ಥವೆಂದು ನಾವು ಹೇಳುವುದಿಲ್ಲ. ಒಬ್ಬನೇ ಕುಳಿತು ಓದಲಾರದವನಿಗೆ, ಗಣಿತವನ್ನು ಬಿಟ್ಟು ಬಹುಕಾಲವಾದವನಿಗೆ ಒಳ್ಳೆಯ ಅಧ್ಯಾಪಕರ ಮುಂದೆ ಕೂರುವುದರಿಂದ ಪ್ರಯೋಜನವುಂಟು. ಉಚಿತವಾಗಿ ಒಂದು ಪಾಠ ಕೇಳಲು ಬಿಡುವ ಕಡೆ ಹೋಗಿ ಕೇಳಿ, ಅದೇ ವಿಷಯದ ಐದು ಪ್ರಶ್ನೆಗಳನ್ನು ವಾರದ ಮೇಲೆ ಪುಸ್ತಕ ಮುಚ್ಚಿ ಬಿಡಿಸಿ ನೋಡಬೇಕು. ಪಾಠ ಮುಗಿದೊಡನೆ ಮನಸ್ಸಿಗೆ ಆಗುವ ಸಂತೋಷವನ್ನು ಮಾತ್ರ ನಂಬಬಾರದು. ಐದು ನಿಮಿಷದ ಅನಂತರದ ಶೇಕಡಾ 81 ಅದೇ.

ತರುಣನು ಕೊನೆಗೆ ಒಂದು ಅಣಕು ಪರೀಕ್ಷಾಮಾಲೆಗೆ ಮಾತ್ರ ಹಣ ಕಟ್ಟಿದನು. ಗಣಿತದ ಮೂರು ಪುಸ್ತಕಗಳನ್ನು ಕಾಲೇಜಿನ ಗೆಳೆಯರಿಗೆ ಅರ್ಧ ಬೆಲೆಗೆ ಮಾರಿದನಂತೆ. ಉಳಿದ ಹಣದಲ್ಲಿ ತಂಗಿಯ ಶುಲ್ಕ ಕಟ್ಟಿಯಾಯಿತು. ಕಳೆದ ವಾರ ಬಂದ ಕಾಗದದಲ್ಲಿ, ಈಗ ಮೂರನೆಯ ಗದ್ಯಭಾಗದ ಅರ್ಧದವರೆಗೆ ತಲಪುತ್ತಿದ್ದೇನೆ ಎಂದು ಬರೆದಿದ್ದಾನೆ. ಪರೀಕ್ಷೆ ನವೆಂಬರಿನಲ್ಲಿ.