ಬಿಸಿಲು, ಹಿಮ ಮತ್ತು ಎದೆಯೊಳಗಿನ 37 ಡಿಗ್ರಿ

ಪ್ರಶ್ನೆ: ನಮ್ಮ ಯಜಮಾನರಿಗೆ 62 ವರ್ಷ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಬಿ.ಪಿ. ಮಾತ್ರೆಯ ಜೊತೆ ಮೂತ್ರ ಹೋಗುವ ಮಾತ್ರೆಯೂ ಇದೆ. ಎಂಥ ಬಿಸಿಲಿದ್ದರೂ ಹೊಲಕ್ಕೆ ಹೋಗುವುದು ಬಿಡುವುದಿಲ್ಲ. ಜನವರಿಯಲ್ಲಿ ಟೊರಾಂಟೊದ ಮಗನ ಮನೆಗೆ ಹೊರಟಿದ್ದೇವೆ. ಇಲ್ಲಿಯ ಬಿಸಿಲು, ಅಲ್ಲಿಯ ಚಳಿಗೆ ಹೃದಯದ ಸ್ನಾಯುಕೋಶಗಳು ಸಾಯುತ್ತವೆಯೇ?
– ಓದುಗರು, ಕಲಬುರಗಿ

ಉತ್ತರ: ಹೊರಗೆ 43 ಡಿಗ್ರಿ ಇರಲಿ, ಸೊನ್ನೆಗಿಂತ ಕೆಳಗಿರಲಿ, ಹೃದಯದ ಕೋಶಗಳು ಇರುವುದು ಸುಮಾರು 37 ಡಿಗ್ರಿಯಲ್ಲೇ. ಆ 37 ಅನ್ನು ಕಾಯಲು ಹೃದಯ ಪಡುವ ಪಾಡೇ ನಿಮ್ಮವರ ಮಟ್ಟಿಗೆ ಹೆಚ್ಚು ಅಪಾಯ.

ಕಾವು ಹೊರಹಾಕಲು ರಕ್ತ ಚರ್ಮಕ್ಕೆ ಹರಿಯಬೇಕು. ವಿಪರೀತ ಸೆಕೆಯಲ್ಲಿ ಚರ್ಮವೊಂದಕ್ಕೇ ನಿಮಿಷಕ್ಕೆ 6ರಿಂದ 8 ಲೀಟರ್ ಬೇಕಾದೀತು. ಸುಮ್ಮನೆ ಕೂತಾಗ ಹೃದಯ ಇಡೀ ದೇಹಕ್ಕೆ ಪಂಪ್ ಮಾಡುವುದೇ 5 ಲೀಟರ್ ಆಸುಪಾಸು! ಬೆವರಿನಲ್ಲಿ ನೀರು, ಸೋಡಿಯಂ ಹೋಗುತ್ತವೆ. ಮೂತ್ರದ ಮಾತ್ರೆಗಳಲ್ಲಿ ಹಲವು ಪೊಟ್ಯಾಸಿಯಂ ಅನ್ನೂ ಇಳಿಸುತ್ತವೆ. ಈ ಲವಣಗಳು ಕೋಶದ ಒಳಹೊರಗೆ ಓಡಾಡುವುದರಿಂದಲೇ ಬಡಿತ ಹುಟ್ಟುವುದು; ಅವು ಏರುಪೇರಾದರೆ ಲಯ ತಪ್ಪುತ್ತದೆ. ಮೈಯೊಳಗಿನ ತಾಪವೇ 40 ದಾಟಿ ಹೀಟ್ ಸ್ಟ್ರೋಕ್ ಆದರೆ ಮಾತ್ರ ಕಾವು ಕೋಶಕ್ಕೇ ನೇರವಾಗಿ ತಟ್ಟುತ್ತದೆ: ಪ್ರೋಟೀನುಗಳು ಕೆಡತೊಡಗಿ, ಹೃದಯದ ಸ್ನಾಯುಕೋಶದೊಳಗಿನ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಸತ್ತ ಕೋಶದ ಜಾಗಕ್ಕೆ ಹೊಸದು ಬರುವುದು ತೀರಾ ಅಪರೂಪ.

ಚಳಿಯಲ್ಲಿ ರಕ್ತನಾಳಗಳು ಬಿಗಿಯುತ್ತವೆ, ಬಿ.ಪಿ. ಏರುತ್ತದೆ, ಹೃದಯ ಹೆಚ್ಚು ಒತ್ತಿ ದೂಡಬೇಕಾಗುತ್ತದೆ. ದೇಹದ ತಾಪ 32ಕ್ಕಿಂತ ಇಳಿದರೆ ಲಯ ಕೆಡಬಹುದು. 28ರ ಕೆಳಗೆ ಹೃದಯ ಬಡಿಯುವ ಬದಲು ಬರೀ ಕಂಪಿಸುವ ಭಯ. ತಮಾಷೆ ನೋಡಿ, ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಸುಮಾರು 4 ಡಿಗ್ರಿಯ ಪೊಟ್ಯಾಸಿಯಂ ದ್ರಾವಣ ಹರಿಸಿ ನಾವೇ ಹೃದಯವನ್ನು ನಿಲ್ಲಿಸುತ್ತೇವೆ. ನಿಂತ, ತಣ್ಣಗಿನ ಕೋಶಕ್ಕೆ ಆಮ್ಲಜನಕ ಬಲು ಕಡಿಮೆ ಸಾಕು. ಅಂದರೆ ತಂಪಿಗಿಂತ, ಚಳಿಯಲ್ಲಿ ಮೈಮುರಿದು ದುಡಿಯುವುದೇ ಕೇಡು.

ಹಾಗಾಗಿ ಟೊರಾಂಟೊದಲ್ಲಿ ಅವರ ಕೈಗೆ ಹಿಮ ಎತ್ತುವ ಸಲಿಕೆ ಸಿಗದಂತೆ ನೋಡಿಕೊಳ್ಳಿ. 'ಸುಮ್ಮನೆ ಕೂತು ಏನು ಮಾಡಲಿ' ಎಂದು ಹೊರಡುವ ಅಪ್ಪಂದಿರೇ ಹೆಚ್ಚು. ಉಸಿರು ಬಿಗಿಹಿಡಿದು ಭಾರ ಎತ್ತುವುದು, ಮೇಲೆ ತಣ್ಣನೆ ಗಾಳಿ: ಹೃದಯಾಘಾತಕ್ಕೆ ಇಷ್ಟು ಸಾಕು. ಮೈ ಬೆಚ್ಚಗಾಗಲೆಂದು ಒಂದು ಪೆಗ್ಗೂ ಬೇಡ; ಅದು ಚರ್ಮದ ನಾಳ ಹಿಗ್ಗಿಸಿ ಇರುವ ಕಾವನ್ನೂ ಕಳೆಯುತ್ತದೆ.

ಬೇಸಿಗೆಯಲ್ಲಿ ಹೊಲದ ಕೆಲಸ ಬೆಳಗ್ಗೆ ಹತ್ತರೊಳಗೆ ಮುಗಿಯಲಿ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಮಾತ್ರೆಯ ಪ್ರಮಾಣ, ದಿನಕ್ಕೆಷ್ಟು ನೀರು, ಮಜ್ಜಿಗೆಗೆ ಉಪ್ಪು ಹಾಕಬಹುದೇ ಎಂಬುದನ್ನು ನಿಮ್ಮ ವೈದ್ಯರಲ್ಲಿ ಮಾರ್ಚ್‌ಗೆ ಮೊದಲೇ ಕೇಳಿ. ಎದೆ ಬಿಗಿದರೆ, ತಲೆ ಸುತ್ತಿ ಬಿದ್ದರೆ ಕಾಯಬೇಡಿ: ಇಲ್ಲಿ 108, ಅಲ್ಲಿ 911.