ಫೈಲು ಎಲ್ಲಿ ನಿಂತಿತು ಎಂದು ಮೊದಲು ನೋಡಿ

ಕೊಯಮತ್ತೂರಿನ ಪೀಳಮೇಡಿನಲ್ಲಿ ಕೂತು ತಿರುಪ್ಪೂರಿನ ಬನಿಯನ್ ಕಂಪನಿಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ನೂಲು ಬಟ್ಟೆಯಾಗುವುದು ಒಂದು ಕಡೆ, ಬಣ್ಣ ಹಾಕುವುದು ಇನ್ನೊಂದು ಕಡೆ. ಪ್ರಿಂಟಿಂಗ್, ಹೊಲಿಗೆ, ಪ್ಯಾಕಿಂಗ್ ಮತ್ತೆ ಬೇರೆ ಬೇರೆ ಕಡೆ. ಬಹಳಷ್ಟು ಕೆಲಸ ಜಾಬ್ ವರ್ಕಿನಲ್ಲೇ ನಡೆಯುತ್ತದೆ. ಒಂದೇ ಆರ್ಡರಿನ ಲೆಕ್ಕ ಇಷ್ಟು ಕೈ ದಾಟಿದ ಮೇಲೆ ತಪ್ಪು ಎಲ್ಲಿ ಹುಟ್ಟಿತು ಎಂದು ಬಾಯಿಮಾತಿನಲ್ಲಿ ವಿವರಿಸಲು ಯಾರಿಂದಲೂ ಆಗದು. ಬಾರ್‌ಕೋಡ್ ಲೇಬಲ್ಲಿನ ಸ್ಕ್ಯಾನ್, ಪ್ಯಾಕಿಂಗ್ ಲಿಸ್ಟಿನ ಎಕ್ಸೆಲ್, ಸ್ಕ್ರೀನಿನ ವಿಡಿಯೊ ಬೇಕೇ ಬೇಕು. ಇವೆಲ್ಲ ಬಂದು ಸೇರುವುದು ತೊಂದರೆಗಳನ್ನು ದಾಖಲಿಸುವ ನಮ್ಮ ಟ್ರ್ಯಾಕರ್ ಬಗ್‌ಜಿಲ್ಲಾಕ್ಕೆ, ಅದರ ಹಿಂದಿರುವ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ. ದೊಡ್ಡ ಅಟ್ಯಾಚ್‌ಮೆಂಟುಗಳ ಜೊತೆ ಏಗುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮಿತಿ ಒಂದೇ ಕಡೆ ಇರುವುದಿಲ್ಲ. ಮುಂದೆ ಎಂಜಿನ್‌ಎಕ್ಸ್ ಸರ್ವರ್ ಇದ್ದರೆ ಅದರ ಮೂಲ ಮಿತಿ ಬರೀ 1 ಎಂಬಿ. ಅದನ್ನು ದಾಟಿದರೆ ಬಗ್‌ಜಿಲ್ಲಾದ ‘ಮ್ಯಾಕ್ಸ್ ಅಟ್ಯಾಚ್‌ಮೆಂಟ್ ಸೈಜ್’, ಅದರ ಮೂಲ ಬೆಲೆ 1000 ಕೆಬಿ. ಕೊನೆಗೆ ಮೈಎಸ್‌ಕ್ಯೂಎಲ್‌ನ ‘ಮ್ಯಾಕ್ಸ್ ಅಲೌಡ್ ಪ್ಯಾಕೆಟ್’. ಅದರ ಬದಲು ಮ್ಯಾಂಟಿಸ್ ಎಂಬ ಟ್ರ್ಯಾಕರ್ ಬಳಸುವವರಿಗೆ ನಡುವೆ ಪಿಎಚ್‌ಪಿಯ ಎರಡು ಮಿತಿಗಳೂ ಸಿಗುತ್ತವೆ: ಒಂದು ಫೈಲಿಗೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ. ಹಾಗಾಗಿ ಮೊದಲು ಕೇಳಬೇಕಾದದ್ದು ತೆರೆಯ ಮೇಲೆ ಏನು ಕಂಡಿತು ಎಂಬುದನ್ನು. 413 ಎಂದು ಬಂದರೆ ಫೈಲು ವೆಬ್ ಸರ್ವರಿನ ಬಾಗಿಲಲ್ಲೇ ನಿಂತಿದೆ, ಡೇಟಾಬೇಸನ್ನು ಮುಟ್ಟಿ ಪ್ರಯೋಜನವಿಲ್ಲ. 1153 ಎಂಬ ದೋಷಸಂಖ್ಯೆ ಬಂದರೆ ಅದು ಮೈಎಸ್‌ಕ್ಯೂಎಲ್‌ನ ಮಾತು. ‘ಸರ್ವರ್ ಹ್ಯಾಸ್ ಗಾನ್ ಅವೇ’ ಎಂದು ಬಂದಾಗ ಸರ್ವರ್ ಬಿದ್ದಿದೆ ಎಂದು ಗಾಬರಿಯಾಗುವವರು ಹೆಚ್ಚು. ಎಷ್ಟೋ ಸಲ ಪ್ಯಾಕೆಟ್ ದೊಡ್ಡದಾದದ್ದಷ್ಟೇ ಕಾರಣ.

2. ಅಳತೆಯ ಘಟಕ ನೋಡಿಯೇ ಅಂಕಿ ತುಂಬಿ. ಬಗ್‌ಜಿಲ್ಲಾ ಕೆಬಿಯಲ್ಲಿ ಕೇಳುತ್ತದೆ, ಮ್ಯಾಂಟಿಸ್ ಬೈಟಿನಲ್ಲಿ, ಇನ್ನೊಂದು ಟ್ರ್ಯಾಕರ್ ಆದ ರೆಡ್‌ಮೈನ್ ಮತ್ತೆ ಕೆಬಿಯಲ್ಲಿ.

3. ಮಿತಿ ಏರಿಸುವಾಗ ಒಳಗಿನಿಂದ ಹೊರಕ್ಕೆ ಬನ್ನಿ. ಮೊದಲು ಮೈಎಸ್‌ಕ್ಯೂಎಲ್, ಆಮೇಲೆ ಬಗ್‌ಜಿಲ್ಲಾ, ಕೊನೆಗೆ ವೆಬ್ ಸರ್ವರ್. ಬಗ್‌ಜಿಲ್ಲಾ ಕೂಡ ಇದನ್ನೇ ಬಯಸುತ್ತದೆ: ಡೇಟಾಬೇಸ್ ಒಪ್ಪುವ ಪ್ಯಾಕೆಟ್ಟಿಗಿಂತ ದೊಡ್ಡ ಅಟ್ಯಾಚ್‌ಮೆಂಟ್ ಮಿತಿ ಬರೆದರೆ ಅದನ್ನು ಉಳಿಸಲು ಒಪ್ಪುವುದಿಲ್ಲ, ಮೊದಲು ಮೈಎಸ್‌ಕ್ಯೂಎಲ್ ಸರಿಮಾಡಿ ಎನ್ನುತ್ತದೆ. ಆದರೆ ಎರಡನ್ನೂ ಸರಿಸಮ ಇಟ್ಟರೆ ಸಾಲದು. ಫೈಲು ಎಸ್‌ಕ್ಯೂಎಲ್ ಹೇಳಿಕೆಯೊಳಗೆ ಕೂರುವಾಗ ಕೆಲವು ಬೈಟುಗಳ ಮುಂದೆ ಹೆಚ್ಚುವರಿ ಗುರುತು ಸೇರಿ ಗಾತ್ರ ಹಿಗ್ಗುತ್ತದೆ. 10 ಎಂಬಿ ಫೈಲು ಬೇಕಿದ್ದರೆ ನಾನು ಪ್ಯಾಕೆಟ್ಟಿಗೆ 32 ಎಂಬಿ ಕೊಡುತ್ತೇನೆ.

ಸರ್ವರ್ ಬದಲಿಸುವವರು ಆವೃತ್ತಿಯನ್ನೂ ಗಮನಿಸಬೇಕು. ಮೈಎಸ್‌ಕ್ಯೂಎಲ್ 5.7ರಲ್ಲಿ ಈ ಪ್ಯಾಕೆಟ್ಟಿನ ಮೂಲ ಮಿತಿ 4 ಎಂಬಿ, 8.0ರಲ್ಲಿ 64 ಎಂಬಿ. ಎಷ್ಟು ಏರಿಸಿದರೂ 1 ಜಿಬಿ ದಾಟುವುದಿಲ್ಲ. ‘ಸೆಟ್ ಗ್ಲೋಬಲ್’ ಎಂದು ಟೈಪಿಸಿ ಎದ್ದು ಹೋಗುವುದೂ ಬೇಡ. ಆಗಲೇ ತೆರೆದಿರುವ ಸಂಪರ್ಕಗಳಿಗೆ ಅದು ತಾಗುವುದಿಲ್ಲ, ಸರ್ವರ್ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಕಾನ್ಫಿಗರೇಶನ್ ಫೈಲಿನಲ್ಲೇ ಬರೆದಿಡಬೇಕು.

4. ಮಿತಿ ಎಷ್ಟೆಂದು ಕಳಿಸುವವರಿಗೆ ಮೊದಲೇ ಹೇಳಿ, ಅವರ ಮಾತಿನಲ್ಲಿ ಹೇಳಿ. ಒಂದು ಪ್ಯಾಕಿಂಗ್ ವಿಭಾಗದಿಂದ ನಮಗೆ ಫೋನ್ ಮಾಡುವ ಹುಡುಗಿ ದೇವಾಂಗರ ಮನೆಯವಳು. ತಲೆಮಾರುಗಳ ಹಿಂದೆಯೇ ಈ ಸೀಮೆಯಲ್ಲಿ ನೆಲೆನಿಂತ ನೇಕಾರ ಕುಟುಂಬ, ಮನೆಮಾತು ಇಂದಿಗೂ ಕನ್ನಡ. “ಅಣ್ಣಾ, ಪಟ ಹೋಗ್ಲೇ ಇಲ್ಲ” ಎಂದಳು. ಇಂಗ್ಲಿಷಿನ ಒಂದು ಸಾಲು ಕಂಡು ತನ್ನದೇ ಏನೋ ತಪ್ಪಾಗಿದೆ ಎಂದುಕೊಂಡಿದ್ದಳು. ಕಂಟೇನರಿಗೆ ಮಾಲು ಹೋಗುವ ಹೊತ್ತಿನಲ್ಲಿ ಲೇಬಲ್ ಪ್ರಿಂಟಾಗದೆ ನಿಂತವಳಿಗೆ ಆ ಸಾಲು ಓದಿಸುವುದು ಅನ್ಯಾಯ. ಈಗ ಅಟ್ಯಾಚ್ ಮಾಡುವ ಪುಟದಲ್ಲೇ ಮಿತಿಯನ್ನು ಅಲ್ಲಿಯವರೆಲ್ಲ ಓದುವ ತಮಿಳಿನಲ್ಲಿ ಬರೆದಿದ್ದೇವೆ, ಜೊತೆಗೆ ಏನು ಕಳಿಸಬೇಕೆಂದೂ: ಲೇಬಲ್ಲಿನ ಭಾಗ ಮಾತ್ರ ಕತ್ತರಿಸಿದ ಚಿತ್ರ, ತೊಂದರೆ ಕಾಣುವ ಅರೆ ನಿಮಿಷದ ವಿಡಿಯೊ. ಹಳೆಯ ಕಂಪ್ಯೂಟರುಗಳಿಂದ ಬಿಎಂಪಿ ಚಿತ್ರ ಬರುವುದಿದ್ದರೆ ಬಗ್‌ಜಿಲ್ಲಾದೊಡನೆ ಬರುವ ‘ಬಿಎಂಪಿ ಕನ್ವರ್ಟ್’ ವಿಸ್ತರಣೆಯನ್ನು ಚಾಲೂ ಮಾಡಿ. ಅದು ಪಿಎನ್‌ಜಿಗೆ ತಿರುಗಿಸಿ ಇಡುತ್ತದೆ, ಗಾತ್ರ ಬಹಳ ಇಳಿಯುತ್ತದೆ.

5. ಗ್ರಾಹಕರ ಇಡೀ ಡೇಟಾಬೇಸ್ ಬ್ಯಾಕಪ್ಪನ್ನು ಅಟ್ಯಾಚ್‌ಮೆಂಟಾಗಿ ಒಪ್ಪಬೇಡಿ. “ನೀವೇ ನೋಡ್ಕೊಳ್ಳಿ ಸಾರ್” ಎಂದು ಜಿಪ್ ಮಾಡಿ ಕಳಿಸುವವರು ಇದ್ದಾರೆ. ಅದರೊಳಗೆ ಹೊಲಿಗೆಯವರ ಕೂಲಿ, ಬ್ಯಾಂಕ್ ಖಾತೆ, ಫೋನ್ ನಂಬರು ಎಲ್ಲ ಇರುತ್ತವೆ. ಬಗ್ ನೋಡಬಲ್ಲ ಪ್ರತಿಯೊಬ್ಬರೂ ಅದನ್ನು ಇಳಿಸಿಕೊಳ್ಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲದಿದ್ದರೂ ನಾನು ಹೀಗೇ ಹೇಳುತ್ತಿದ್ದೆ. ತೊಂದರೆ ಕಂಡ ಆ ಒಂದು ಆರ್ಡರಿನ ಸಾಲುಗಳನ್ನಷ್ಟೇ ಕೇಳಿ. ಮಿತಿಯನ್ನು ಚಿಕ್ಕದಾಗಿ ಇಡುವುದಕ್ಕೆ ಡಿಸ್ಕಿಗಿಂತ ಬಲವಾದ ಕಾರಣ ಇದು.

6. ನಿಜವಾಗಿ ದೊಡ್ಡದಾದ ಫೈಲು ಡೇಟಾಬೇಸಿನ ಹೊರಗಿರಲಿ. ಬಗ್‌ಜಿಲ್ಲಾದಲ್ಲಿ ಇದಕ್ಕೆಂದೇ ‘ಮ್ಯಾಕ್ಸ್ ಲೋಕಲ್ ಅಟ್ಯಾಚ್‌ಮೆಂಟ್’ ಇದೆ, ಇದು ಎಂಬಿಯಲ್ಲಿ. ‘ಮ್ಯಾಕ್ಸ್ ಅಟ್ಯಾಚ್‌ಮೆಂಟ್ ಸೈಜ್’ ಮೀರಿದ ಫೈಲು ಆಗ ಡಿಸ್ಕಿನ ಫೋಲ್ಡರಿಗೆ ಹೋಗುತ್ತದೆ. ಡೇಟಾಬೇಸಿನಲ್ಲಿ ಅಟ್ಯಾಚ್‌ಮೆಂಟುಗಳು ‘ಅಟ್ಯಾಚ್ ಡೇಟಾ’ ಎಂಬ ಪ್ರತ್ಯೇಕ ಟೇಬಲಿನಲ್ಲಿ ಲಾಂಗ್‌ಬ್ಲಾಬ್ ಆಗಿ ಕೂರುತ್ತವೆ. ಲಾಂಗ್‌ಬ್ಲಾಬ್ 4 ಜಿಬಿವರೆಗೆ ಹಿಡಿಸುತ್ತದೆ ಎಂದ ಮಾತ್ರಕ್ಕೆ ತುಂಬಬೇಕೆಂದೇನಿಲ್ಲ. ಅಳಿಸಿದರೂ ಟೇಬಲಿನ ಫೈಲು ಡಿಸ್ಕಿನಲ್ಲಿ ತಾನಾಗಿ ಕುಗ್ಗುವುದಿಲ್ಲ. ‘ಆಪ್ಟಿಮೈಜ್ ಟೇಬಲ್’ ಓಡಿಸಬೇಕು, ಅದು ಹೊಸ ಪ್ರತಿ ಕಟ್ಟುವಷ್ಟು ಜಾಗ ಕೇಳುತ್ತದೆ. ಡಿಸ್ಕ್ ಪೂರ್ತಿ ತುಂಬಿದ ಮೇಲೆ ಈ ದಾರಿಯೂ ಮುಚ್ಚಿದ ಹಾಗೆಯೇ. ಸಣ್ಣ ಆಫೀಸುಗಳಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಮೇಲೆ ಟ್ರ್ಯಾಕರ್ ಓಡಿಸುವವರು ಇನ್ನೂ ಎಚ್ಚರವಾಗಿರಬೇಕು; 2008 ಆರ್2ರಿಂದ 2022ರ ಆವೃತ್ತಿವರೆಗೆ ಒಂದು ಡೇಟಾಬೇಸಿಗೆ ಸಿಗುವುದು 10 ಜಿಬಿ ಅಷ್ಟೇ.

7. ಬ್ಯಾಕಪ್ಪಿಗೆ ತನ್ನದೇ ಮಿತಿ ಇದೆ. ಇದನ್ನು ಬಹಳ ಜನ ನೋಡುವುದೇ ಇಲ್ಲ, ನನಗೆ ಹೆಚ್ಚು ಚಿಂತೆ ಇದರದೇ. ಸರ್ವರ್ 64 ಎಂಬಿ ಒಪ್ಪುತ್ತಿರಬಹುದು. ಆದರೆ ‘ಮೈಎಸ್‌ಕ್ಯೂಎಲ್ ಡಂಪ್’ ಹೇಳದೆ ಬಿಟ್ಟರೆ 24 ಎಂಬಿಗೆ ನಿಲ್ಲುತ್ತದೆ, ಮರಳಿ ತುಂಬಲು ಬಳಸುವ ಕ್ಲಯಂಟ್ 16 ಎಂಬಿಗೆ. ‘ಹೆಕ್ಸ್ ಬ್ಲಾಬ್’ ಆಯ್ಕೆ ಹಾಕಿದರೆ ಪ್ರತಿ ಬೈಟಿಗೂ ಎರಡು ಅಕ್ಷರ, ಅಂದರೆ 15 ಎಂಬಿ ವಿಡಿಯೊ 30 ಎಂಬಿ ಸಾಲಾಗುತ್ತದೆ. ಹಗಲಲ್ಲಿ ಫೈಲು ಸರಾಗವಾಗಿ ಒಳಗೆ ಬಂದಿರುತ್ತದೆ, ರಾತ್ರಿಯ ಡಂಪ್ ಇಲ್ಲವೇ ಅದನ್ನು ಮರಳಿ ತುಂಬುವ ಕೆಲಸ ಆ ಸಾಲಿನಲ್ಲೇ ಮುರಿದಿರುತ್ತದೆ. ಮಿತಿ ಏರಿಸಿದ ದಿನವೇ ಡಂಪ್ ಆಜ್ಞೆಯಲ್ಲೂ ಕ್ಲಯಂಟಿನಲ್ಲೂ ಅದೇ ಅಳತೆ ಬರೆಯಿರಿ. ಆರನೆಯ ಪಾಠದ ಫೋಲ್ಡರ್ ಡಂಪಿನಲ್ಲಿ ಬರುವುದೇ ಇಲ್ಲ, ಅದನ್ನು ಬೇರೆಯಾಗಿ ನಕಲಿಸಿ. ಆಮೇಲೆ ಇನ್ನೊಂದು ಯಂತ್ರದಲ್ಲಿ ಎರಡನ್ನೂ ತುಂಬಿ, ಗಾತ್ರದ ಪ್ರಕಾರ ಪಟ್ಟಿ ಮಾಡಿ, ಎಲ್ಲಕ್ಕಿಂತ ದೊಡ್ಡ ಅಟ್ಯಾಚ್‌ಮೆಂಟನ್ನು ಬ್ರೌಸರಿನಲ್ಲಿ ತೆರೆದು ಕೊನೆಯವರೆಗೂ ಓಡಿಸಿ ನೋಡಿ.