ಮರುಬಳಕೆ ಒಳ್ಳೆಯದೇ, ಔಷಧಿ ಡಬ್ಬದ್ದು ಮಾತ್ರ ಬೇಡ

ಹಳೆಯದನ್ನು ಎಸೆಯದೆ ಬಳಸುವುದನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಗುಂಡ್ಲುಪೇಟೆ, ತೆರಕಣಾಂಬಿ ಕಡೆಯ ಹಿತ್ತಲುಗಳಲ್ಲಿ ಒಡೆದ ಕೊಡದಲ್ಲಿ ಕರಿಬೇವು, ಎಣ್ಣೆ ಟಿನ್ನಿನಲ್ಲಿ ತುಳಸಿ ಬೆಳೆದಿರುತ್ತವೆ. ಎಡವಟ್ಟಾಗುವುದು ಯಾವುದನ್ನು ಯಾವುದಕ್ಕೆ ಬಳಸಬೇಕು ಎಂಬಲ್ಲಿ.

1. ವಿಂಗಡಿಸಿ
ಖಾಲಿಯಾದದ್ದನ್ನು ಮೂರು ಗುಂಪು ಮಾಡಿ. ತಿನ್ನುವ ಪದಾರ್ಥವಿದ್ದ ಡಬ್ಬ ಅಡುಗೆಮನೆಗೇ ವಾಪಸ್. ಸೋಪು, ಶಾಂಪೂ, ಫಿನಾಯಿಲ್ ಇದ್ದದ್ದು ಬಚ್ಚಲಿಗೆ. ಹೊಲದ ಔಷಧಿ, ಗೊಬ್ಬರ, ಪೇಂಟ್ ಇದ್ದದ್ದು ಮನೆಯೊಳಗೆ ಬರಲೇಬಾರದು.

2. ಹಾಲಿನ ಪ್ಯಾಕೆಟ್
ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಆ ಚೂರು ಚರಂಡಿ ಸೇರಿದರೆ ಯಾರ ಕೈಗೂ ಸಿಗದು. ಪ್ಯಾಕೆಟ್ ತೊಳೆದು, ತಂತಿಗೆ ಹಾಕಿ ಒಣಗಿಸಿ. ಬುಡಕ್ಕೆ ನಾಲ್ಕು ತೂತು ಮಾಡಿ, ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿದರೆ ನುಗ್ಗೆ, ಪಪ್ಪಾಯಿ ಸಸಿ ಎಬ್ಬಿಸಬಹುದು. ಮಿಕ್ಕವು ಗುಜರಿಗೆ.

3. ಹಳೆ ಬಟ್ಟೆ
ಪ್ಯಾಂಟಿನ ಕಾಲನ್ನು ಕತ್ತರಿಸಿ, ಒಳಮಗ್ಗುಲು ಹೊರಗೆ ಮಾಡಿ, ಒಂದು ತುದಿಗೆ ಎರಡು ಸಾಲು ಹೊಲಿಗೆ ಹಾಕಿ. ಸೊಂಟದ ಪಟ್ಟಿಯನ್ನು ಬಿಡಿಸಿ ಇನ್ನೊಂದು ತುದಿಗೆ ಹೊಲಿದರೆ ಅದೇ ಹಿಡಿಕೆ. ಸಂತೆಗೆ ಗಟ್ಟಿ ಚೀಲ ಸಿದ್ಧ. ನೆಲ ಒರೆಸಲು ಹತ್ತಿ ಸೀರೆಯೇ ಆಗಬೇಕು, ಪಾಲಿಯೆಸ್ಟರ್ ನೀರು ಹೀರುವುದಿಲ್ಲ. ಪಾಲಿಯೆಸ್ಟರ್ ಚೂರಿನಿಂದ ಬಿಸಿ ಪಾತ್ರೆಯನ್ನೂ ಹಿಡಿಯಬೇಡಿ, ಕರಗಿ ಕೈಗೆ ಅಂಟೀತು.

4. ಔಷಧಿ ಡಬ್ಬ
ಇದನ್ನು ಎಷ್ಟು ಹೇಳಿದರೂ ಸಾಲದು. ಟೊಮೆಟೊ, ಚೆಂಡು ಹೂವಿಗೆ ಔಷಧಿ ಹೊಡೆದ ಮೇಲೆ ಉಳಿಯುವ ಡಬ್ಬ ಗಟ್ಟಿಯಾಗಿರುತ್ತದೆ, ಮುಚ್ಚಳ ಬಿಗಿಯಾಗಿರುತ್ತದೆ, ಎಸೆಯಲು ಮನಸ್ಸಾಗುವುದಿಲ್ಲ. ಸೋಪು ಹಾಕಿ ತೊಳೆದು, ಕುಡಿಯುವ ನೀರನ್ನೋ ಸೀಮೆಎಣ್ಣೆಯನ್ನೋ ತುಂಬಿಡುತ್ತಾರೆ. ವಾಸನೆ ಹೋದ ಮಾತ್ರಕ್ಕೆ ವಿಷ ಹೋಗಿರುವುದಿಲ್ಲ. ಪ್ಲಾಸ್ಟಿಕ್ ವಿಷವನ್ನು ತನ್ನೊಳಗೆ ಹೀರಿಕೊಂಡು, ಆಮೇಲೆ ತುಂಬಿದ್ದಕ್ಕೆ ಮೆಲ್ಲಗೆ ಬಿಡುತ್ತದೆ.

ಲೇಬಲ್ಲಿನ ಬಣ್ಣದ ತ್ರಿಕೋನ ನೋಡಿ. ಕೆಂಪು ಅತಿ ಘೋರ ವಿಷ, ಆಮೇಲಿನವು ಹಳದಿ, ನೀಲಿ, ಹಸಿರು. 'ಹಸಿರಿದೆ, ಪರವಾಗಿಲ್ಲ' ಎನ್ನುವವರಿದ್ದಾರೆ. ಹಸಿರು ಎಂದರೆ ವಿಷ ಕಡಿಮೆ ಎಂದಷ್ಟೇ, ಇಲ್ಲವೆಂದಲ್ಲ.

ಮಾಡಬೇಕಾದ್ದು ಹೀಗೆ. ಔಷಧಿ ಬೆರೆಸುವಾಗಲೇ ಖಾಲಿ ಡಬ್ಬಕ್ಕೆ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಕುಲುಕಿ, ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ಮೂರು ಸಲ ಹೀಗೆ ಮಾಡಿ. ಕಾಲುವೆಯಲ್ಲಿ ತೊಳೆಯಬೇಡಿ. ಬಳಿಕ ಯಾರೂ ಮತ್ತೆ ಬಳಸದಂತೆ ಬುಡಕ್ಕೆ ತೂತು ಹೊಡೆಯಿರಿ. ಡಬ್ಬ ಒಡೆದು ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಬಾವಿ, ಕೆರೆಯ ಬಳಿಯೂ ಬೇಡ. ಸುಡಲಂತೂ ಬೇಡ, ಹೊಗೆಯೂ ವಿಷವೇ.

ಯೂರಿಯಾ ಚೀಲದ ವಿಷಯದಲ್ಲೂ ಎಚ್ಚರವಿರಲಿ. ಹೊಲದಿಂದ ಹುಲ್ಲು, ಸೌದೆ ತರಲು ಬಳಸಿ. ಅದರ ಮೇಲೆ ಸಂಡಿಗೆ ಒಣಗಿಸಬೇಡಿ, ರಾಗಿ ತುಂಬಬೇಡಿ.

5. ಇನ್ನಷ್ಟು
ಹಳೆ ಪತ್ರಿಕೆಯಲ್ಲಿ ಬೋಂಡಾ ಕಟ್ಟಬೇಡಿ, ಮಸಿಯೂ ಹೊಟ್ಟೆಗೆ ಹೋಗುತ್ತದೆ. ಬಂಡೀಪುರದ ಅಂಚಿನ ಹಂಗಳ, ಮೇಲುಕಾಮನಹಳ್ಳಿಯವರು ಉಳಿದ ಅನ್ನವನ್ನು ಕವರಿನಲ್ಲಿ ಕಟ್ಟಿ ಎಸೆಯಬೇಡಿ. ದನ, ಜಿಂಕೆ ಕವರನ್ನೂ ನುಂಗುತ್ತವೆ. ಉಳಿದದ್ದೆಲ್ಲ ಆಮೇಲೆ ಮಾಡಿದರೂ ನಡೆದೀತು, ಮನೆಯಲ್ಲಿ ಔಷಧಿ ಡಬ್ಬವಿದ್ದರೆ ಇವತ್ತೇ ಹೊರಗೆ ಹಾಕಿ.